ಅತ್ತೆಯ ತುಂಬಿದ ಮುಖ

ರಂಗೋಲಿ ಎಳೆದು ಎದ್ದ ನಮ್ಮತ್ತೆ ತಟ್ಟನೆ ಗೇಟು ಹಿಡಿದುಕೊಂಡರು. ಮುಖ ಬೀಟ್‌ರೂಟಿನಂತೆ ಕೆಂಪೇರಿ, ಕತ್ತಿನ ನರಗಳು ಉಬ್ಬಿದ್ದವು. ಹಿಂದಿನ ದಿನವಷ್ಟೇ ಎದುರುಮನೆಯ ಆಂಟಿ, "ಮುಖ ತುಂಬ್ಕೊಂಡು ಎಷ್ಟು ಲಕ್ಷಣವಾಗಿದೀರಿ! ಸೊಸೆ ಚೆನ್ನಾಗಿ ನೋಡ್ಕೊಳ್ತಾಳೆ" ಎಂದಿದ್ದರು. ನಾನೂ ಹಿಗ್ಗಿದ್ದೆ.

ಆಸ್ಪತ್ರೆಗೆ ಓಡಿದೆವು. ಅದು ಮೈ ತುಂಬಿದ್ದಲ್ಲ, ಊತ ಎಂದರು ಡಾಕ್ಟರು. ತಲೆಯಿಂದ ಹೃದಯಕ್ಕೆ ರಕ್ತ ಇಳಿಯುವ ಎದೆಯ ದೊಡ್ಡ ನಾಳದಲ್ಲಿ ವರ್ಷಗಳ ಹಿಂದೆ ಹಾಕಿದ್ದ ಸ್ಟೆಂಟ್ ಒಳಗೊಳಗೇ ಕಟ್ಟಿಕೊಂಡು ಕಿರಿದಾಗಿತ್ತು. ಬಗ್ಗಿದರೆ ರಕ್ತವೆಲ್ಲ ಮುಖದಲ್ಲೇ ನಿಲ್ಲುತ್ತಿತ್ತು. ಬಲೂನು ತೂರಿಸಿ ಅದನ್ನು ಮತ್ತೆ ಅಗಲ ಮಾಡಿದರು.

ಡಾಕ್ಟರು ಹೂಂ ಅಂದದ್ದೇ ತಡ, ಮೊನ್ನೆ ಬೆಳಿಗ್ಗೆ ಅತ್ತೆ ಮತ್ತೆ ರಂಗೋಲಿ ಡಬ್ಬಿ ಹಿಡಿದರು. ವಿಜಯನಗರದ ನಮ್ಮ ಕ್ರಾಸಿನ ಅರ್ಧ ರಸ್ತೆ ಅವರ ಬಳ್ಳಿಗೇ ಹೋಯಿತು. ಎದುರುಮನೆಯ ಆಂಟಿಗೆ ಗಾಬರಿ.

"ಅಯ್ಯೋ, ಮುಖ ಎಷ್ಟು ಇಳಿದೋಗಿದೆ! ಸೊಸೆ ಸರಿಯಾಗಿ ಊಟ ಹಾಕ್ತಿಲ್ವಾ?"

ಅತ್ತೆ ಬಗ್ಗಿದ ತಲೆ ಎತ್ತಲೇ ಇಲ್ಲ. "ಹಾಕ್ತಾಳೆ ಕಣ್ರೀ. ಸ್ವಲ್ಪ ಆ ಕಡೆ ಸರೀರಿ, ಇನ್ನೂ ಹೂವು ಬಿಡಿಸ್ಬೇಕು."

ನನ್ನನ್ನು ಹೊಗಳಿದ ದಿನಕ್ಕಿಂತ, ಹೀಗೆ ಬೈದ ದಿನವೇ ನಾನು ಹೆಚ್ಚು ಹಿಗ್ಗಿದ್ದು.