ನಿಂಬೆಹಣ್ಣು ಕಟ್ಟಿದ ಡ್ರೋನ್

ನಾನು ಮದುವೆಗಳನ್ನು ಕತ್ತರಿಸಿ ಅಂಟಿಸುವವಳು. ಶಿಕಾರಿಪುರದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ ಇದೆ. ಗಂಡ ಶೂಟಿಂಗ್‌ಗೆ ಹೋಗುತ್ತಾರೆ, ನಾನು ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಎಡಿಟಿಂಗ್ ಮಾಡುತ್ತೇನೆ. ಊಟದ ಪಂಕ್ತಿಯಲ್ಲಿ ಜಗಳವಾಡಿದ ಬೀಗರು ನನ್ನ ಕೈಗೆ ಸಿಕ್ಕ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕುತ್ತಾರೆ. ಮಧ್ಯಾಹ್ನ ಅತ್ತ ಮದುಮಗಳು ಬೆಳಿಗ್ಗೆಯದೊಂದು ನಗುವನ್ನು ಸಾಲ ಪಡೆಯುತ್ತಾಳೆ. ಹೀಗಾಗಿ ಯಾರಾದರೂ ನೆನಪಿನ ಮಾತು ತೆಗೆದರೆ ನನಗೆ ಮೊದಲು ಬರುವ ಪ್ರಶ್ನೆ: ಎಡಿಟ್ ಮಾಡಿದವರು ಯಾರು? ಈ ಬರಹವನ್ನು ಎಡಿಟ್ ಮಾಡಿದವಳೂ ನಾನೇ. ಎಚ್ಚರದಿಂದ ಓದಿ.

ಈಚೆಗೆ ಗಿರಾಕಿಗಳು ಮೊಬೈಲ್ ಹಿಡಿದುಕೊಂಡೇ ಅಂಗಡಿಗೆ ಬರುತ್ತಾರೆ. "ಹಿಂಗ್ ಬೇಕು ನೋಡ್ರಿ" ಎಂದು ರೀಲ್ಸ್ ತೋರಿಸುತ್ತಾರೆ. ಮೇಲೆ ನಿಂತು ಇಡೀ ಛತ್ರವನ್ನು ತೋರಿಸುವ ಡ್ರೋನ್ ಅವರಿಗೆ ಹಳತಾಗಿದೆ. ಈಗ ಬೇಕಾದದ್ದು ಬಾಗಿಲಿಂದ ನುಗ್ಗಿ, ಮಂಟಪದ ಕಂಬಗಳ ನಡುವೆ ನುಸುಳಿ, ಅಡುಗೆಮನೆಯ ಹಬೆಯನ್ನು ದಾಟಿ ಕಿಟಕಿಯಿಂದ ಹೊರಬೀಳುವ ಡ್ರೋನ್. ಅದಕ್ಕೆ ಎಫ್‌ಪಿವಿ ಎನ್ನುತ್ತಾರೆ. ಹಾರಿಸುವವರು ಕಣ್ಣಿಗೆ ದಪ್ಪನೆಯ ಗಾಗಲ್ಸ್ ಕಟ್ಟಿಕೊಳ್ಳಬೇಕು. ಡ್ರೋನ್ ಕಂಡದ್ದೇ ಅವರಿಗೆ ಕಾಣುತ್ತದೆ, ಪಕ್ಕದಲ್ಲಿ ನಿಂತ ನೆಂಟರು ಕಾಣುವುದಿಲ್ಲ. ಈ ಎರಡನೆಯ ಸೌಲಭ್ಯವೇ ನನ್ನನ್ನು ಸೆಳೆದದ್ದು ಎಂದು ಬರೆಯಬೇಕೆನಿಸುತ್ತದೆ. ಆದರೆ ಆ ಮಾತು ಆಮೇಲೆ ಸೇರಿಸಿದ್ದಿರಬೇಕು.

"ರೆಡಿಮೇಡ್ ತಗಳಣ," ಎಂದರು ಗಂಡ. "ಪೆಟ್ಟಿಗೆ ಬಿಚ್ಚೋದು, ಹಾರ್ಸೋದು."

"ಬಿಡಿಭಾಗ ತರಿಸಿ ನಾನೇ ಜೋಡಿಸ್ತೀನಿ ಕಣ್ರೀ. ಅಗ್ಗ ಆಗುತ್ತೆ."

"ಕೆಟ್ರೆ ಯಾರನ್ನ ಕೇಳೋದು?"

"ನನ್ನನ್ನೇ ಕೇಳಿ."

"ನನ್ ಹೆದ್ರಿಕೆನೇ ಅದು ಮಾರಾಯ್ತಿ."

ಅಗ್ಗದ ಮಾತು ನೆಪವಾಗಿತ್ತು. ನಮ್ಮ ಮನೆಗೆ ಬಂದ ಪ್ರತಿ ಯಂತ್ರದ ಪೆಟ್ಟಿಗೆ ಬಿಚ್ಚಿದವರು ಅವರು, ಜೊತೆಗಿದ್ದ ಪುಸ್ತಕ ಓದಿದವಳು ನಾನು, ಮಂಟಪದ ಮುಂದೆ ಅದನ್ನು ಹಿಡಿದು ನಿಂತವರು ಮತ್ತೆ ಅವರು. ರೆಡಿಮೇಡ್ ಬಂದರೆ ರಿಮೋಟ್ ಅವರ ಕೈಗೆ ಹೋಗುತ್ತದೆ, ನಾನು ಒಳಕೋಣೆಯಲ್ಲೇ ಉಳಿಯುತ್ತೇನೆ. ನಾನೇ ಜೋಡಿಸಿದರೆ ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬುದು ನನಗೊಬ್ಬಳಿಗೇ ಗೊತ್ತಿರುತ್ತದೆ. ನನಗೆ ರಿಮೋಟ್ ಬೇಕಿತ್ತು. ಅಷ್ಟೇ.

ಬಿಡಿಭಾಗಗಳು ಒಟ್ಟಿಗೆ ಬರಲಿಲ್ಲ. ಚೌಕಟ್ಟು ಬಂದಾಗ ಮೋಟಾರು ಇಲ್ಲ, ಮೋಟಾರು ಬಂದಾಗ ಅದಕ್ಕೆ ಹೊಂದುವ ಸ್ಕ್ರೂ ಇಲ್ಲ. ಸ್ಕ್ರೂ ಹುಡುಕಿಕೊಂಡು ಬಸ್ಸು ಹತ್ತಿ ಶಿರಾಳಕೊಪ್ಪಕ್ಕೆ ಹೋದೆ. ವಾಚು ರಿಪೇರಿ ಮಾಡುವ ಸಾಹೇಬರು ಸ್ಕ್ರೂ ಡಬ್ಬಿಯನ್ನೇ ನನ್ನ ಮುಂದೆ ಸುರಿದರು.

"ಬೇಕಾದ್ದು ಆರಿಸ್ಕಳ್ರಿ ಅಕ್ಕಾ. ಏನಕ್ಕೆ?"

"ಡ್ರೋನ್‌ಗೆ."

"ಯಾವ ಕಂಪ್ನೀದು?"

"ಕಂಪ್ನಿ ಇಲ್ಲ. ನಾನೇ ಮಾಡ್ತಿರೋದು."

ಅವರು ಡಬ್ಬಿಯನ್ನು ಸ್ವಲ್ಪ ತಮ್ಮ ಕಡೆಗೆ ಎಳೆದುಕೊಂಡರು.

ಒಳಕೋಣೆಯಲ್ಲಿ ಬೆಸುಗೆಯ ಹೊಗೆ ಎದ್ದಾಗಲೆಲ್ಲ ಗಂಡ ಬಾಗಿಲಲ್ಲಿ ಇಣುಕಿ ಕೆಮ್ಮುತ್ತಿದ್ದರು. ಮೊದಲ ಸಲ ಚಾಲು ಮಾಡಿದಾಗ ಡ್ರೋನ್ ಮೇಲೇಳುವ ಬದಲು ನೆಲಕ್ಕೆ ಇನ್ನಷ್ಟು ಒತ್ತಿಕೊಂಡು ನಡುಗಿತು. ನಾಲ್ಕೂ ರೆಕ್ಕೆಗಳನ್ನು ತಲೆಕೆಳಗಾಗಿ ಹಾಕಿದ್ದೆ. ಸೊರಬದ ಕಡೆಯವರಾದ ನನ್ನ ಅತ್ತೆ ಹೂಬತ್ತಿ ಹೊಸೆಯುತ್ತ ನೋಡುತ್ತಿದ್ದರು. "ಉದ್ದಂಡ ನಮಸ್ಕಾರ ಹಾಕ್ತಾ ಉಂಟಲ್ಲೇ," ಎಂದರು. "ಯಾವ ದೇವ್ರಿಗೆ ಹರಕೆ ಹೊತ್ತಿದ್ದೆ?"

ರೆಕ್ಕೆ ತಿರುಗಿಸಿ ಹಾಕಿದ ಮೇಲೆ ಅದು ಎದ್ದಿತು. ಊರಾಚೆಯ ಬಯಲಿನಲ್ಲಿ ಅಭ್ಯಾಸ ಶುರು ಮಾಡಿದೆ. ಅಲ್ಲಿ ಮೇಯುತ್ತಿದ್ದ ಕುರಿಗಳು ಅದರ ಸದ್ದಿಗೆ ಒಂದೇ ಮುದ್ದೆಯಾಗಿ ಓಡಿದವು. ಬೈಸಿಕೊಳ್ಳಲು ಸಿದ್ಧಳಾಗಿ ಗಾಗಲ್ಸ್ ತೆಗೆದೆ. ಕುರಿ ಕಾಯುವವನು ಓಡಿ ಬಂದು, "ಅಕ್ಕಾರ, ಸಂಜೀ ಮುಂದ ಹಿಂಗಾ ಹಟ್ಟೀತನ ಹೊಡ್ಕೊಂಡು ಬಂದು ಬಿಡ್ತೀರೇನ್ರಿ?" ಎಂದು ಕೇಳಿದ. ಆ ಡ್ರೋನಿಗೆ ಬಂದ ಮೊದಲ ಗಿರಾಕಿ ಅವನು. ಜಾಲಿ ಮುಳ್ಳಿಗೆ, ಕಲ್ಲಿಗೆ, ವಿದ್ಯುತ್ ಕಂಬಕ್ಕೆ ಬಡಿದಾಗಲೆಲ್ಲ ಮನೆಗೆ ತಂದು ಅಂಟು ಹಾಕಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು ಮತ್ತೆ ಹಾರಿಸಿದೆ. ಕೊನೆಗೆ ಅದು ಆಸ್ಪತ್ರೆಯಿಂದ ಓಡಿಬಂದ ರೋಗಿಯಂತೆ ಕಾಣುತ್ತಿತ್ತು, ಆದರೆ ಹೇಳಿದ ಮಾತು ಕೇಳುತ್ತಿತ್ತು.

ಅಷ್ಟರಲ್ಲಿ ಗಂಡ ರೆಡಿಮೇಡ್ ತರಿಸಿದರು. ನನಗೆ ಹೇಳದೆ ತರಿಸಿದರು ಎಂದು ನನ್ನ ನೆನಪು. ಹೇಳಿಯೇ ತರಿಸಿದ್ದು, ನೀನು ಗಾಗಲ್ಸ್ ಹಾಕಿಕೊಂಡಿದ್ದೆ ಎಂದು ಅವರ ನೆನಪು. ಎರಡೂ ನಿಜವಿರಬಹುದು.

ಅದೇ ದಿನ ಆನವಟ್ಟಿಯ ಮದುವೆಯೊಂದರ ಮಾತುಕತೆಗೆ ಹುಡುಗಿಯ ಸೋದರಮಾವ ಅಂಗಡಿಗೆ ಬಂದಿದ್ದರು. ಮೇಜಿನ ಮೇಲೆ ಎರಡೂ ಡ್ರೋನ್ ಇದ್ದವು. ನನ್ನದನ್ನು ಅವರು ಬೆರಳ ತುದಿಯಿಂದ ಸರಿಸಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಇದನ್ನ ತರ್ರಿ ಮದುವಿಗೆ. ಪೆಟ್ಟಿಗೀನೂ ತರ್ರಿ. ಬೀಗರು ನೋಡ್ಲಿ."

ಹೊಸ ಯಂತ್ರವನ್ನು ಪೂಜೆ ಮಾಡದೆ ಹೊಸಿಲು ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ ರೆಡಿಮೇಡ್‌ಗೆ ಅರಿಶಿನ ಕುಂಕುಮ ಹಚ್ಚಿದರು, ಆರತಿ ಎತ್ತಿದರು, ಕಪ್ಪು ದಾರದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಹೊಟ್ಟೆಯ ಕೆಳಗೆ ಕಟ್ಟಿದರು. ನನ್ನದನ್ನೂ ಪಕ್ಕದಲ್ಲಿಟ್ಟೆ.

"ಇದಕ್ಕೂ ಒಂದು ಬೊಟ್ಟು ಇಡಿ ಅತ್ತೆ."

"ಅದು ಹುಟ್ಟಿದ್ದು ಯಾವತ್ತು ಹೇಳು ನೋಡೋಣ? ಹೋದ ತಿಂಗ್ಳೂ ಮಾಡ್ತಿದ್ದೆ, ನಿನ್ನೇನೂ ಮಾಡ್ತಿದ್ದೆ. ಮುಗೀದೇ ಇದ್ದದ್ದಕ್ಕೆ ಎಂಥ ಪೂಜೆ?"

ನನ್ನದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಮದುವೆಯ ಬೆಳಿಗ್ಗೆ ಆನವಟ್ಟಿಯ ಛತ್ರದಲ್ಲಿ ಖಾಲಿ ಪೆಟ್ಟಿಗೆಯನ್ನು ಉಡುಗೊರೆಗಳ ಮೇಜಿನ ಮೇಲೆ ಇಡಲಾಯಿತು. ನನ್ನದು ಚೀಲದಲ್ಲಿತ್ತು. ಗಂಡ ಗಾಗಲ್ಸ್ ಕಟ್ಟಿಕೊಳ್ಳುವಾಗ ಹತ್ತಿರ ಹೋಗಿ, "ಆ ನಿಂಬೆಹಣ್ಣು ಬಿಚ್ಚಿ ಹಾರ್ಸಿ," ಎಂದೆ.

"ಅವ್ವ ಕಟ್ಟಿದ್ದು. ಮದುವೆ ಮನೇಲಿ ಬಿಚ್ಚೋಕಾಗುತ್ತಾ? ಲಾರಿಗೆ ಕಟ್ತಾರೆ, ಬಸ್ಸಿಗೆ ಕಟ್ತಾರೆ. ಅವೇನು ಓಡಲ್ವಾ?"

"ಅವು ಹಾರಲ್ಲ."

ಡ್ರೋನ್ ಬಾಗಿಲು ದಾಟಿ ಚಂದವಾಗಿಯೇ ಒಳಬಂತು. ಮಂಟಪದ ಹತ್ತಿರ ತಿರುವು ತೆಗೆದುಕೊಳ್ಳುವಾಗ ನಿಂಬೆಹಣ್ಣು ತೊಟ್ಟಿಲಿನಂತೆ ತೂಗಿ ಮೇಲೆದ್ದು ರೆಕ್ಕೆಗೆ ಸಿಕ್ಕಿತು. ಹಣ್ಣು ಎರಡು ಹೋಳಾಯಿತು. ದಾರ ಮೋಟಾರಿಗೆ ಸುತ್ತಿಕೊಂಡಿತು. ಮೆಣಸಿನಕಾಯಿಯ ಚೂರುಗಳು ಮುಂದಿನ ಸಾಲಿನ ಹಿರಿಯರ ಮೇಲೆ ಅಕ್ಷತೆಯಂತೆ ಉದುರಿದವು. ಡ್ರೋನ್ ಹೂವಿನ ಅಲಂಕಾರದ ಮೇಲೆ ಬಿದ್ದು ಸುಮ್ಮನಾಯಿತು.

ವಾಲಗವೂ ನಿಂತಿತು. ಗಂಡ ಗಾಗಲ್ಸ್ ತೆಗೆಯಲಿಲ್ಲ. ತೆಗೆದರೆ ಜನ ಕಾಣುತ್ತಾರಲ್ಲ. ಆಗ ಸೋದರಮಾವ ಮುಂದೆ ಬಂದು ಎರಡೂ ಹೋಳುಗಳನ್ನು ಎತ್ತಿ ಹಿಡಿದರು.

"ನೋಡ್ರಿ! ಕಡ್ದು ಹಾಕ್ತು! ಇದ್ದಬದ್ದ ದೃಷ್ಟಿಯೆಲ್ಲ ಹೋತು!"

ಯಾರೋ ಚಪ್ಪಾಳೆ ತಟ್ಟಿದರು. ವಾಲಗದವರು ಎರಡು ಏಟು ಜೋರಾಗಿಯೇ ಬಾರಿಸಿದರು. ಬೀಗರ ಕಡೆಯ ಹೆಂಗಸೊಬ್ಬರು, "ಇಂಥದ್ದು ಶಿವಮೊಗ್ಗದಾಗೂ ನೋಡಿಲ್ಲ ಬಿಡ್ರಿ," ಎಂದರು. ಗಂಡ ನಿಧಾನವಾಗಿ ಗಾಗಲ್ಸ್ ತೆಗೆದು, ಮೊದಲೇ ಯೋಜಿಸಿದ್ದವರಂತೆ ತಲೆ ಬಾಗಿಸಿದರು.

ತಾಳಿ ಕಟ್ಟುವ ಹೊತ್ತಿಗೆ ರೆಡಿಮೇಡ್ ಏಳಲೇ ಇಲ್ಲ. ಗಂಡ ನನ್ನ ಚೀಲದ ಕಡೆ ನೋಡಿದರು. ಕೇಳಲಿಲ್ಲ, ನೋಡಿದರು. ನಾನು ಗಾಗಲ್ಸ್ ಕಟ್ಟಿಕೊಂಡೆ. ಬಾಗಿಲು, ಕಂಬಗಳು, ಹುಡುಗನ ಬೆರಳು ತಡವರಿಸುತ್ತಿದ್ದ ಗಂಟು, ಹುಡುಗಿಯ ಕುತ್ತಿಗೆಯ ಬೆವರು, ಅಡುಗೆಮನೆಯ ಹಬೆ, ಕಿಟಕಿ, ಬಿಸಿಲು. ಒಂದೇ ಉಸಿರಿನ ಹಾರಾಟ. ಆಮೇಲೆ ಚಿತ್ರ ನೋಡಿದಾಗ ಗೊತ್ತಾಯಿತು, ಛತ್ರದಲ್ಲಿ ಒಬ್ಬರೂ ತಲೆಯೆತ್ತಿ ನನ್ನ ಡ್ರೋನ್ ಕಡೆ ನೋಡಿರಲಿಲ್ಲ. ಎಲ್ಲರೂ ನಿಂಬೆಹೋಳು ಕೈಯಿಂದ ಕೈಗೆ ದಾಟಿಸುತ್ತಿದ್ದರು.

ಎಡಿಟಿಂಗ್ ವೇಳೆ ಸೋದರಮಾವ ಫೋನ್ ಮಾಡಿದರು. "ಆ ನಿಂಬಿಹಣ್ಣಿಂದು ತಾಳಿ ಕಟ್ಟೋ ಟೈಮಿಗೆ ಹಾಕ್ರಿ."

"ಅದು ಬೆಳಿಗ್ಗೆ ಬಿದ್ದದ್ದಲ್ವಾ? ಆಗ ಹುಡುಗ ಇನ್ನೂ ಮಂಟಪಕ್ಕೆ ಬಂದೇ ಇರಲಿಲ್ಲ."

"ಹೌದನು? ಇರ್ಲಿ, ನೀವು ಹಾಕ್ರಿ."

ಹಾಕಿದೆ. ನನ್ನ ಹಾರಾಟವನ್ನು ನಡುವೆ ಕತ್ತರಿಸಿ ಜಾಗ ಮಾಡಿದೆ. ಈಗ ಆ ಮದುವೆಗೆ ಬಂದವರೆಲ್ಲ ತಾಳಿ ಕಟ್ಟಿದ ಕ್ಷಣದಲ್ಲೇ ಹಣ್ಣು ಹೋಳಾದದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುತ್ತಾರೆ. ಗಂಡನೂ ಹಾಗೇ ಹೇಳುತ್ತಾರೆ. ಮೊನ್ನೆ ಯಾರಿಗೋ ವಿವರಿಸುವಾಗ ನಾನೂ ಹಾಗೇ ಹೇಳಿ, ಹೇಳಿದ ಮೇಲೆ ಗಾಬರಿಯಾದೆ.

ಆ ತುಣುಕು ರೀಲ್ಸ್ ಆಗಿ ಊರೂರಿಗೆ ಹೋಯಿತು. ಸೊರಬ, ಶಿರಾಳಕೊಪ್ಪ ಎಲ್ಲ ಕಡೆಯಿಂದ ಗಿರಾಕಿಗಳು ಬಂದು, "ನಮ್ಗೂ ಆ ನಿಂಬೆಹಣ್ಣಿನ ಶಾಟ್ ಬೇಕು," ಎನ್ನತೊಡಗಿದರು. ರೆಡಿಮೇಡ್ ದೂರದ ರಿಪೇರಿ ಅಂಗಡಿಯಲ್ಲಿತ್ತು. ಹೊರಗಿನ ವಸ್ತು ಸಿಕ್ಕಿಕೊಂಡು ಕೆಟ್ಟದ್ದಕ್ಕೆ ಗ್ಯಾರಂಟಿ ಇಲ್ಲ ಎಂದು ಅಲ್ಲಿಂದ ಸಂದೇಶ ಬಂತು. ಮದುವೆಗೊಂದು ಸಲ ಬೀಳಿಸಿ, ಮರುದಿನ ಮತ್ತೆ ಎಬ್ಬಿಸಬಹುದಾದ ಡ್ರೋನ್ ಎರಡು ತಾಲೂಕಿಗೆ ಸೇರಿ ಒಂದೇ ಇತ್ತು.

"ಕೆಟ್ರೆ ನನ್ನನ್ನೇ ಕೇಳಿ ಅಂದಿದ್ಯಲ್ಲ," ಎಂದರು ಗಂಡ.

"ಅಂದಿದ್ದೆ."

"ಹಂಗಾರೆ ನೀನೇ ಹಾರ್ಸು."

ಹೀಗೆ ರಿಮೋಟ್ ನನ್ನ ಕೈಗೆ ಬಂತು. ಹಣ್ಣು ಸರಿಯಾಗಿ ತೂಗಿ ರೆಕ್ಕೆಗೇ ಸಿಗುವಂತೆ ಒಂದು ಪುಟ್ಟ ಕೊಕ್ಕೆಯನ್ನೂ ನಾನೇ ಮಾಡಿದೆ. ಅತ್ತೆ ಈಗ ಬೊಟ್ಟಿಡುತ್ತಾರೆ. "ಇದು ಇನ್ನೂ ಮುಗ್ದಿಲ್ಲ ಅತ್ತೆ," ಎಂದರೆ, "ಬೀಳೋಕೆ ಶುರುವಾಯ್ತಲ್ಲ, ಸಾಕು," ಎನ್ನುತ್ತಾರೆ.

ಹೋದ ವಾರ ಸೊರಬದ ಮದುವೆಗೆ ನನ್ನ ಡ್ರೋನ್ ಹೋದದ್ದು ರೆಡಿಮೇಡ್‌ನ ಪೆಟ್ಟಿಗೆಯಲ್ಲಿ. ಗಂಡ ಅದನ್ನು ಎಲ್ಲರಿಗೂ ಕಾಣುವಂತೆ ಎದೆಗವಚಿಕೊಂಡು ನಿಂತಿದ್ದರು. ಗಾಗಲ್ಸ್ ಕಟ್ಟಿಕೊಂಡೆ. ಇನ್ನೂ ಹಣ್ಣು ಕಟ್ಟಿರಲಿಲ್ಲ. ಬಾಗಿಲಿಂದ ನುಗ್ಗಿ, ಕಂಬಗಳ ನಡುವೆ ನುಸುಳಿ, ಅಡುಗೆಮನೆ ದಾಟಿ ಒಂದು ಸುತ್ತು ಹೊಡೆದೆ.

"ಇದನ್ನ ಯಾರು ಕೇಳಿದ್ರು?" ಎಲ್ಲಿಂದಲೋ ಗಂಡನ ದನಿ ಬಂತು.

"ಯಾರೂ ಕೇಳಿಲ್ಲ."

"ಜನ ಕಾಯ್ತಿದಾರೆ ಮಾರಾಯ್ತಿ. ಹಣ್ಣು ಕಟ್ಟಿ ಬೀಳ್ಸು."

ಬ್ಯಾಟರಿ ಇನ್ನೂ ಇತ್ತು. ಕಿಟಕಿಯಿಂದ ಹೊರಗೆ ಬಿಸಿಲಿತ್ತು. ಇನ್ನೊಂದು ಸುತ್ತು ಹೊಡೆಯಲು ಡ್ರೋನ್ ತಿರುಗಿಸಿದೆ.