ಇಂಬಳಸ್ವಾಮಿಯ ಪ್ರವಚನ

ನಮ್ಮ ಇತಿಹಾಸದ ಮೇಷ್ಟ್ರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಕಾಫಿ ಬೀಜ ಕೂರುವಷ್ಟು ಸಂದಿತ್ತು. ‘ಸ’ ಬಂದಾಗಲೆಲ್ಲ ಅಲ್ಲಿಂದ ಸಣ್ಣ ಸಿಳ್ಳೆ ಹೊರಡುತ್ತಿತ್ತು. ‘ಸಾಮ್ರಾಟ’ ಅಂದರೆ ಸಾಕು, ಬಸ್ಸು ಹೊರಟಿತೇನೋ ಅನ್ನಿಸುತ್ತಿತ್ತು. ಮೂಡಿಗೆರೆ ಹತ್ತಿರದ ನಮ್ಮ ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಆ ಸಿಳ್ಳೆಯನ್ನು ನನ್ನಷ್ಟು ಚೆನ್ನಾಗಿ ಯಾರೂ ತೆಗೆಯುತ್ತಿರಲಿಲ್ಲ. ಎಸ್ಟೇಟ್ ಮೇಸ್ತ್ರಿಯ ಕೆಮ್ಮು, ಪ್ರಿನ್ಸಿಪಾಲರ ಆಕಳಿಕೆ, ನನ್ನದೇ ಕತ್ತೆಯಂಥ ನಗು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಪಾಠವೊಂದು ಮಾತ್ರ ಅಲ್ಲಿಂದ ಒಳಗೆ ಇಳಿಯುತ್ತಿರಲಿಲ್ಲ.

ಮೇಷ್ಟ್ರು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಚರ್ಚೆ ಇಡುತ್ತಿದ್ದರು. ಅದಕ್ಕೊಂದು ಕಟ್ಟಳೆಯಿತ್ತು. ಮೊದಲು ಎದುರಿನವರ ವಾದವನ್ನು, ಅವರೇ ತಲೆದೂಗುವ ಹಾಗೆ, ನಾವು ಹೇಳಬೇಕು. ನಮ್ಮದೇನಿದ್ದರೂ ಆಮೇಲೆ. ತಲೆಯ ಮೇಲಿನ ಸ್ಕಾರ್ಫು, ಹೆಗಲ ಮೇಲಿನ ಶಾಲು ಎಂದು ಕಾಲೇಜು ಎರಡು ಹೋಳಾಗಿದ್ದ ವರ್ಷ ಅದು. ಆ ಶನಿವಾರ ಶಾಲಿನ ಹುಡುಗ ಬೆವರುತ್ತಾ ಸ್ಕಾರ್ಫಿನ ಪರ ಮಾತಾಡಿದ. ಸ್ಕಾರ್ಫಿನ ಹುಡುಗಿ ಶಾಲಿನ ಪರ, ಅವನಿಗಿಂತ ಚೆನ್ನಾಗಿಯೇ ಮಾತಾಡಿ ಕೂತಳು.

ಆಗ ನಾನೆದ್ದೆ. ಪ್ಯಾಂಟು ಮೊಣಕಾಲಿಗೆ ಮಡಚಿ, ಕಾಲಿಗೆ ಕೆಂಪು ಇಂಕು ಸುರಿದುಕೊಂಡಿದ್ದೆ. “ಸಾರ್, ನಾನು ಇಂಬಳಸ್ವಾಮಿ ಮತಕ್ಕೆ ಸೇರಿದೀನಿ. ತೋಟದಲ್ಲಿ ನಮ್ಮ ರಕ್ತ ಕುಡಿಯೋ ಇಂಬಳವೇ ನಮ್ಮ ದೇವರು. ಅದು ಜಾತಿ ಕೇಳಲ್ಲ, ಧರ್ಮ ಕೇಳಲ್ಲ, ಕಾಲು ಸಿಕ್ರೆ ಸಾಕು. ನಂಗೂ ಈ ವೇಷದಲ್ಲಿ ಬರೋಕೆ ಪರ್ಮಿಷನ್ ಕೊಡಿ.”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗಲಿಲ್ಲ. “ಸುಮ್ನಿರ್ರೋ, ಕೇಳೋ ಹಕ್ಕು ಅವನಿಗೂ ಇದೆ,” ಎಂದು ನನ್ನತ್ತ ತಿರುಗಿದರು. “ಕಟ್ಟಳೆ ಗೊತ್ತಲ್ಲ ಮಾರಾಯ? ಮೊದ್ಲು ನಂಬೋರ ಕಡೆದು ಹೇಳು. ಮಗಂಗೆ ಜ್ವರ ಏರ್ದಾಗ ಹರಕೆ ಹೊತ್ಕೊಳೋ ತಾಯಿ ಹಾಗೆ ಮಾತಾಡು, ನೋಡಣ.”

ನಾನು ಮಡಚಿದ್ದ ಪ್ಯಾಂಟು ಇಳಿಸಿಕೊಂಡು ಕೂತುಬಿಟ್ಟೆ. ಹುಡುಗರು ಮತ್ತೆ ನಕ್ಕರು. ಈ ಸಲದ ನಗು ನನ್ನ ಮೇಲೆ.

ಅದೇ ಉರಿಯಲ್ಲಿ, ಸಂಜೆ ಜೀಪಿಗೆ ಕಾಯುತ್ತಾ, ಮೇಷ್ಟ್ರ ದನಿಯಲ್ಲಿ ಒಂದು ಪ್ರವಚನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ: “ಮಕ್ಕಳೇ, ಸೋಮವಾರದಿಂದ ಇಂಬಳಸ್ವಾಮಿಯೇ ನಮ್ಮ ಸಂಸ್ಥೆಯ ದೇವರು. ಉಳಿದ ಸಮಸ್ತ ದೇವರುಗಳೂ ಗೇಟಿನ ಹೊರಗೆ.” ಸಿಳ್ಳೆ ಸಮೇತ. ಕಳಿಸಿದ್ದು ನಾಲ್ಕೈದು ಗೆಳೆಯರಿಗೆ. ಸೋಮವಾರದ ಹೊತ್ತಿಗೆ ಅದು ದೂರದ ಕಳಸ ಪೇಟೆಯನ್ನೂ ಮುಟ್ಟಿತ್ತು. ಯಾವತ್ತೂ ಒಬ್ಬರ ಮುಖ ಒಬ್ಬರು ನೋಡದ ಎರಡೂ ಕಡೆಯ ಹಿರಿಯರು ಗೇಟಿನಲ್ಲಿ ಒಟ್ಟಿಗೆ ನಿಂತಿದ್ದರು. ಅಷ್ಟು ಒಗ್ಗಟ್ಟನ್ನು ನಾನೊಬ್ಬನೇ ತಂದಿದ್ದೆ.

ಪ್ರಿನ್ಸಿಪಾಲರ ಕೋಣೆಯಲ್ಲಿ ಮೇಷ್ಟ್ರು ಅದನ್ನು ಪೂರ್ತಿ ಕೇಳಿಸಿಕೊಂಡು, “ನನ್ನ ಕ್ಲಾಸಿಂದ ಹೊರಟ ಮಾತು, ನಾನೇ ಜವಾಬ್ದಾರಿ,” ಅಂದರಂತೆ. ಹೊರಗೆ ಬಂದಾಗ ವರಾಂಡದಲ್ಲಿ ನಾನಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು.

“ಬರೋ ತಿಂಗಳು ಪರೀಕ್ಷೆ. ಈಗ ಒಪ್ಕೊಂಡ್ರೆ ನಿನ್ನ ಕೂರ್ಸಲ್ಲ ಇವ್ರು. ಹೋಗು, ಓದ್ಕೋ. ದನಿ ಚೆನ್ನಾಗ್ ಬಂದಿದೆ. ಆದ್ರೆ ನಾನು ಅಷ್ಟು ಜೋರಾಗಿ ಮಾತಾಡಲ್ಲ ಮಾರಾಯ.”

ಅದೇ ವಾರ ಅವರನ್ನು ಬಯಲುಸೀಮೆಯ ಯಾವುದೋ ಊರಿಗೆ ವರ್ಗ ಮಾಡಿದರು. ನಾನು ಪರೀಕ್ಷೆ ಬರೆದೆ, ಪಾಸಾದೆ. ಹೋಗಿ ಕ್ಷಮೆ ಕೇಳೋಣ, ಈ ರಜೆಗೆ ಕೇಳೋಣ, ಮುಂದಿನ ರಜೆಗೆ ಕೇಳೋಣ ಎನ್ನುತ್ತಲೇ ಇದ್ದೆ. ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು.

ವಸ್ತಾರೆಯ ಅವರ ಮನೆಗೆ ತಿಥಿಯ ದಿನ ಹೋದೆ. ಜನ ಕರಗಿದ ಮೇಲೆ ಅವರ ಹೆಂಡತಿ ನನಗೊಂದು ಲೋಟ ಕಾಫಿ ತಂದರು. “ವರ್ಗ ಆಗಿ ಅಲ್ಲಿಗ್ ಹೋದ್ಮೇಲೆ ಶನಿವಾರದ ಚರ್ಚೆ ಇಡ್ಲೇ ಇಲ್ಲ ಅವ್ರು. ಪಾಠ ಮುಗ್ಸಿ ಸುಮ್ನೆ ಬರೋರು. ಮನೇಲೂ ಮಾತು ಕಮ್ಮಿ. ಯಾರೋ ಅವ್ರ ದನಿ ಮಾಡಿ ಏನೋ ಹರಡಿದ್ರಂತೆ. ಯಾರು ಅಂತ ನಂಗೂ ಹೇಳ್ಲಿಲ್ಲ.”

“ನಾನೇ ಅಮ್ಮ,” ಅಂದೆ.

ಆಕೆ ಕೊಡಬೇಕೆಂದಿದ್ದ ಲೋಟವನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನನ್ನ ಮುಂದೆ ಇಟ್ಟರು.

“ಅವ್ರಿದ್ದಾಗ ಬರ್ಬೇಕಿತ್ತಪ್ಪ ನೀನು.”