ಕತ್ತಲೆ ಮಾವನ ಮೊದಲ ಕ್ಯಾನು

ಬಲ್ಬ್ ಉರಿಯದಿದ್ದರೆ ಖುಷಿಪಡುವ ಮನುಷ್ಯ ಆ ಬೀದಿಯಲ್ಲಿ ಒಬ್ಬನೇ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕತ್ತಲೆ ಮಾವ. ಮೂವತ್ತು ವರ್ಷದಿಂದ ನೀರು ಕಾಯಿಸಿ, ಹಬೆ ತಣಿಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾರುತ್ತಿದ್ದ. ಅಂಗಡಿ ತೆರೆದೊಡನೆ ಸಾಲಿನ ಮೊದಲ ಕ್ಯಾನಿನಿಂದ ಗಾಜಿನ ಜಾಡಿಗೆ ನೀರು ಸುರಿದು, ಬಲ್ಬಿನ ಎರಡು ತಂತಿಗಳನ್ನು ಅದರೊಳಗೆ ಇಳಿಬಿಟ್ಟು ಸ್ವಿಚ್ ಹಾಕುವುದು ಅವನ ನಿತ್ಯದ ನೇಮ.

“ತಂತಿಯೊಳಗೆ ಎಲೆಕ್ಟ್ರಾನ್ ಓಡುತ್ತೆ. ನೀರೊಳಗೆ ಆ ಆಟ ನಡೆಯಲ್ಲ,” ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. “ಅಲ್ಲಿ ಕರಗಿದ ಉಪ್ಪಿನ ಅಯಾನುಗಳೇ ಕೂಲಿಗಳ ಥರ ಚಾರ್ಜು ಹೊತ್ತು ನಡೀಬೇಕು, ಪ್ಲಸ್ಸು ಈ ಕಡೆ, ಮೈನಸ್ಸು ಆ ಕಡೆ. ನನ್ನ ನೀರಲ್ಲಿ ಕೂಲಿಗಳೇ ಇಲ್ಲ ಕಣ್ರೀ!” ಬಲ್ಬ್ ಉರಿದರೆ ಅವನ ಹೊಟ್ಟೆಯೂ ಉರಿಯುತ್ತಿತ್ತು. ಪುಣ್ಯಕ್ಕೆ ಎರಡೂ ಅಪರೂಪ.

ಆ ದಿನ ಹಿಂದಿನ ಬೀದಿಯ ನರ್ಸಿಂಗ್ ಹೋಮಿನಲ್ಲಿ ಅವನ ಹೆಂಡತಿಗೆ ಹೃದಯದ ಆಪರೇಷನ್. “ಇಲ್ಲಿ ಅಡ್ಡಾಡಿ ನೆಲ ಸವೆಸಬೇಡ, ಅಂಗಡಿಗೆ ಹೋಗಪ್ಪ. ಮುಗಿದ ಮೇಲೆ ಫೋನ್ ಮಾಡ್ತೀನಿ,” ಎಂದು ಮಗಳು ಅಟ್ಟಿದ್ದಳು. ಅಂಗಡಿಯಲ್ಲಿ ಫೋನನ್ನೇ ನೋಡುತ್ತಿದ್ದ ಮಾವನ ಮೊಣಕೈ ತಾಗಿ ಮೊದಲ ಕ್ಯಾನು ಉರುಳಿ ಚೆಲ್ಲಿತು. ಎರಡನೆಯದನ್ನು ಎತ್ತಿಕೊಂಡ. ತಂತಿ ಇಳಿಬಿಟ್ಟ.

ಬಲ್ಬಿನೊಳಗೆ ಕೆಂಡದಂಥ ಗೆರೆ ಮೂಡಿತು.

ಮೂರನೆಯದಕ್ಕೂ ಮೂಡಿತು. ನಾಲ್ಕನೆಯದಕ್ಕೂ.

“ಅಳಿಯಂದ್ರೇ, ಏನ್ರೀ ಇದು?”

ನೀರು ಕಾಯಿಸಿ ಕ್ಯಾನು ತುಂಬುವ ಕೆಲಸ ಈಗ ಅಳಿಯನದು. ಅವನು ನೆಲ ನೋಡಿದ. “ಹಬೆ ಕೊಳವೆ ಸೀಳಿದೆ ಮಾವ. ದಿನಕ್ಕೆ ಒಂದೇ ಕ್ಯಾನು ಇಳಿಯುತ್ತೆ, ಅದನ್ನ ಸಾಲಿನ ಮೊದಲಿಗೆ ಇಡ್ತೀನಿ. ಹೇಳಿದ್ರೆ ಬೈತೀರಾ ಅಂತ… ಉಳಿದದ್ದಕ್ಕೆ ನಲ್ಲಿ ನೀರು. ನೀವು ಹೆಂಗೂ ಮೊದಲನೇದು ಬಿಟ್ಟು ಬೇರೆ ನೋಡಲ್ವಲ್ಲ!”

“ಎಷ್ಟು ದಿನದಿಂದ?”

“ಎರಡು ತಿಂಗಳು.”

ನಲ್ಲಿ ನೀರಿನ ಜೊತೆ ನುಗ್ಗುವ ಕಬ್ಬಿಣ, ಕ್ಲೋರೈಡುಗಳು ಬ್ಯಾಟರಿಯ ಪ್ಲೇಟುಗಳನ್ನು ಸದ್ದಿಲ್ಲದೆ ಮೆಲ್ಲುತ್ತವೆ. ತುಂಬಿದ ಚಾರ್ಜು ತಾನಾಗಿ ಸೋರಿಹೋಗುತ್ತದೆ.

“ನರ್ಸಿಂಗ್ ಹೋಮಿನ ಬ್ಯಾಟರಿಗಳಿಗೆ ಯಾವ ನೀರು ಕೊಟ್ರಿ?”

ಅಳಿಯ ಮೂಲೆಯ ನಲ್ಲಿಯ ಕಡೆ ಕೈ ತೋರಿಸಿದ. ಕರೆಂಟ್ ಹೋದರೆ, ಜನರೇಟರ್ ಶುರುವಾಗುವ ತನಕ ಆಪರೇಷನ್ ಕೋಣೆಯ ಯಂತ್ರಗಳಿಗೆ ಅಲ್ಲಿನ ಬ್ಯಾಟರಿಗಳೇ ಆಸರೆ. ಮಾವ ಮಗಳಿಗೆ ಫೋನ್ ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ.

ಬಲ್ಬಿನ ಕೆಂಪು ಗೆರೆ ತಟ್ಟನೆ ಆರಿತು.

“ನೋಡಿ ಮಾವ, ಆರಿಹೋಯ್ತು! ನೀರು ಚೆನ್ನಾಗೇ ಇದೆ!” ಎಂದ ಅಳಿಯ.

ಮಾವ ತಲೆ ಎತ್ತಿದ. ಫ್ಯಾನು ನಿಧಾನವಾಗಿ ನಿಲ್ಲುತ್ತಿತ್ತು. ಎದುರಿನ ಹಿಟ್ಟಿನ ಗಿರಣಿಯೂ ಸದ್ದಡಗಿತ್ತು. ಕಿವಿಗೆ ಫೋನು ಒತ್ತಿಕೊಂಡೇ, ಚಪ್ಪಲಿ ಮೆಟ್ಟದೆ, ಚೆಲ್ಲಿದ ಒಳ್ಳೆಯ ನೀರನ್ನು ತುಳಿದುಕೊಂಡು ಹಿಂದಿನ ಬೀದಿಗೆ ಓಡಿದ. ಫೋನು ರಿಂಗಾಗುತ್ತಲೇ ಇತ್ತು.